ಐದು ಮಂದಿ, ಒಂದೇ ಚಿತ್ರ: ಮಾಡೆಲ್‌ಗಳ ಗುಂಪನ್ನು ನಿಲ್ಲಿಸುವುದು ಹೇಗೆ?

ಒಬ್ಬರೇ ಮಾಡೆಲ್ ಇದ್ದಾಗ ಹೆಚ್ಚಿನವರಿಗೆ ಕಷ್ಟವಾಗುವುದಿಲ್ಲ. ಕಿಟಕಿ ಪಕ್ಕದ ಬೆಳಕು, ಅರೆ ತಿರುಗಿದ ಮುಖ, ಮಡಿಲಲ್ಲಿ ಕೈ. ಚಿತ್ರ ಹೇಗೋ ಕುದುರುತ್ತದೆ. ಅದೇ ಕ್ಯಾಮೆರಾದ ಮುಂದೆ ಐವರು ಬಂದು ನಿಂತರೆ ಆರತಕ್ಷತೆಯ ಫೋಟೊ ಆಗಿಬಿಡುತ್ತದೆ. ಎಲ್ಲರೂ ಸಾಲಾಗಿ, ಎಲ್ಲರ ಕೈಯೂ ಹೊಟ್ಟೆಯ ಮುಂದೆ, ಎಲ್ಲರ ಕಣ್ಣೂ ಲೆನ್ಸಿನ ಮೇಲೆ. ಭಾನುವಾರ ಬೆಳಿಗ್ಗೆ ರಾಮನಗರದ ಬಂಡೆಗಳಿಗೆ, ಚನ್ನಪಟ್ಟಣದ ಕಣ್ವ ಜಲಾಶಯದ ದಂಡೆಗೆ, ಮಾಗಡಿಯ ಸಾವನದುರ್ಗದ ತಪ್ಪಲಿಗೆ ಮಾಡೆಲ್‌ಗಳನ್ನು ಕರೆದುಕೊಂಡು ಬರುವ ತಂಡಗಳ ಚಿತ್ರಗಳನ್ನು ನೋಡಿ. ಹಿಂದಿನ ಬೆಟ್ಟ ಬದಲಾಗಿರುತ್ತದೆ, ಮುಂದಿನ ಸಾಲು ಬದಲಾಗಿರುವುದಿಲ್ಲ.

ನಿಮ್ಮ ತೊಂದರೆಯೂ ಇದೇ ಆಗಿದ್ದರೆ ಹೊಸ ಲೆನ್ಸ್ ಕೊಳ್ಳಬೇಕಾಗಿಲ್ಲ, ಚಿತ್ರ ಯಾತಕ್ಕೆ ಎಂದು ಮೊದಲು ಕೇಳಿಕೊಳ್ಳಬೇಕು. ಶಾಲೆಯ ಗ್ರೂಪ್ ಫೋಟೊ ಇರುವುದು ಪ್ರತಿಯೊಂದು ಮುಖವೂ ಗುರುತು ಸಿಗಲಿ ಎಂದು. ಅದಕ್ಕೆ ಸಾಲು ಬೇಕು, ಸಮ ಅಂತರ ಬೇಕು, ಎಲ್ಲರೂ ಮುಂದೆ ನೋಡಬೇಕು. ಕಲಾ ಛಾಯಾಗ್ರಹಣದಲ್ಲಿ ನಾವು ತೋರಿಸಬೇಕಾದ್ದು ಮುಖಗಳನ್ನಲ್ಲ, ಆ ಮುಖಗಳ ನಡುವೆ ಏನು ನಡೆಯುತ್ತಿದೆ ಎಂಬುದನ್ನು. ಅದು ಕಾಣುವುದು ಎರಡರಲ್ಲಿ: ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಯಾರಿಂದ ಎಷ್ಟು ದೂರ ಇದ್ದಾರೆ. ನೋಟ ಮತ್ತು ಅಂತರ ಸರಿಯಾದರೆ ಕೈಕಾಲು ತಾವಾಗಿಯೇ ಅರ್ಧ ಸರಿಹೋಗುತ್ತವೆ. ಆದರೆ ನಾವು ಮಾಡುವುದು ಉಲ್ಟಾ. ಮೊದಲು ಕೈ ತಿದ್ದುತ್ತೇವೆ, ಗಲ್ಲ ತಿದ್ದುತ್ತೇವೆ, ಸೆರಗು ತಿದ್ದುತ್ತೇವೆ, ನೋಟವನ್ನು ಕೊನೆಗೆ ಲೆನ್ಸಿಗೆ ಒಪ್ಪಿಸುತ್ತೇವೆ.

ಈ ಕಷ್ಟ ಹೊಸದೇನಲ್ಲ. 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕ ಒಂದು ದೊಡ್ಡ ಗುಂಪಿನ ಚಿತ್ರ ಮಾಡಲು ಹೊರಟಾಗ ಎಲ್ಲರನ್ನೂ ಒಂದೇ ಸಲ ಬೆಳಕಿಗೂ ಫೋಕಸ್‌ಗೂ ತರಲಾಗದೆ, ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೇರೆ ಬೇರೆಯಾಗಿ ತೆಗೆದು ಒಂದೇ ಪ್ರಿಂಟಿನಲ್ಲಿ ಜೋಡಿಸಿದ. ನಮ್ಮಲ್ಲಿ, ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಚಿತ್ರಸರಣಿ ಇದೆ. ರವಿವರ್ಮನ ವರ್ಣಚಿತ್ರ, ಸಿನಿಮಾ ಸ್ಟಿಲ್‌ಗಳನ್ನೆಲ್ಲ ಸೆಟ್ ಹಾಕಿ, ವೇಷ ಕಟ್ಟಿ ಮತ್ತೆ ಸೃಷ್ಟಿಸಿದ್ದು. ಭಂಗಿಯೊಂದನ್ನು ಹೇಗೆ ಬಿಚ್ಚಿ ನೋಡಿ ಮತ್ತೆ ಕಟ್ಟಬಹುದು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಕನ್ನಡ ನಾಡಿನಲ್ಲಿ ನನಗೆ ಕಂಡಿಲ್ಲ.

ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ರವಿವರ್ಮನ ಸಂಗೀತಗಾರ್ತಿಯರ ಗುಂಪಿನ ಚಿತ್ರವನ್ನು ನೋಡಿ ಬನ್ನಿ. ಬೇರೆ ಬೇರೆ ಸೀಮೆಯ ಉಡುಗೆ ತೊಟ್ಟ ಹೆಂಗಸರು, ಅವರ ವಾದ್ಯಗಳು. ಕೂತವರು, ನಿಂತವರು, ಒರಗಿದವರು ಸೇರಿ ತಲೆಗಳ ಏರಿಳಿತ ಬಹಳ ಚೆಂದ. ಆದರೆ ಅವರ ನೋಟಗಳನ್ನು ಹಿಂಬಾಲಿಸಿ ನೋಡಿ. ಹೆಚ್ಚಿನವು ಪರಸ್ಪರ ಕೂಡುವುದೇ ಇಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ ದಿನ ಕೂರಿಸಿ ಬರೆದಂತೆ ಕಾಣುತ್ತದೆ. ಅಷ್ಟು ದೊಡ್ಡ ಕಲಾವಿದನಿಗೂ ಗುಂಪು ಸುಲಭಕ್ಕೆ ಒಲಿಯಲಿಲ್ಲ ಎಂದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ.

ಸಾಂಬ ಎತ್ತರದಲ್ಲಿದ್ದಾನೆ, ಆದರೂ ನಾಯಕ ಗಬ್ಬರ್

ಇನ್ನೊಂದು ಪಾಠ ರಾಮನಗರದಲ್ಲೇ ಇದೆ. 1975ರ 'ಶೋಲೆ' ಸಿನಿಮಾದಲ್ಲಿ ಡಕಾಯಿತರ ನಾಯಕ ಗಬ್ಬರ್ ಸಿಂಗ್ ಮೊದಲ ಸಲ ಕಾಣಿಸಿಕೊಳ್ಳುವ ದೃಶ್ಯವನ್ನು ಧ್ವನಿ ನಿಲ್ಲಿಸಿ ನೋಡಿ. ಚಿತ್ರೀಕರಣ ನಡೆದದ್ದು ಇಲ್ಲಿನ ಬಂಡೆಗಳ ನಡುವೆ; ನಿರ್ದೇಶಕ ರಮೇಶ್ ಸಿಪ್ಪಿ, ಛಾಯಾಗ್ರಾಹಕ ದ್ವಾರಕಾ ದಿವೇಚಾ. ಎಲ್ಲರಿಗಿಂತ ಎತ್ತರದ ಬಂಡೆಯ ಮೇಲೆ ಕೂತವನು ಗಬ್ಬರನ ಸಹಚರ ಸಾಂಬ. ಕೆಳಗೆ ಮೂವರು ತಲೆ ತಗ್ಗಿಸಿ ನಿಂತಿದ್ದಾರೆ. ಉಳಿದ ಡಕಾಯಿತರು ಅಲ್ಲಲ್ಲಿ ಚದುರಿದ್ದಾರೆ. ಹೀಗಿದ್ದೂ ಯಾರು ಯಜಮಾನ ಎಂಬ ಬಗ್ಗೆ ನಮಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಯಾಕೆಂದರೆ ಎಲ್ಲರ ಗಮನವೂ ಒಬ್ಬನ ಕಡೆಗಿದೆ, ಅವನ ಸುತ್ತ ಮಾತ್ರ ಖಾಲಿ ಜಾಗ ಇದೆ.

ಮುಖ್ಯ ವ್ಯಕ್ತಿಯನ್ನು ನಡುವೆ ನಿಲ್ಲಿಸಬೇಕು, ಎತ್ತರದಲ್ಲಿ ಇಡಬೇಕು ಎಂಬುದು ನಮ್ಮ ತಲೆಯಲ್ಲಿ ಕೂತ ನಿಯಮ. ಅದು ಬೊಂಬೆ ಹಬ್ಬದ ಮೆಟ್ಟಿಲಿನ ನಿಯಮ: ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಉಳಿದವು. ಬಂದವರಿಗೆಲ್ಲ ಎಲ್ಲ ಗೊಂಬೆಯೂ ಕಾಣಲು ಅದು ಸರಿ. ಚಿತ್ರದಲ್ಲಿ ಮುಖ್ಯಸ್ಥಾನ ಕೊಡುವುದು ಎತ್ತರವಲ್ಲ, ಉಳಿದವರ ನೋಟ ಮತ್ತು ಸುತ್ತಲಿನ ಖಾಲಿ ಜಾಗ. ಮನುಷ್ಯನ ಕಣ್ಣು ಮೊದಲು ಮುಖ ಹುಡುಕುತ್ತದೆ, ಆಮೇಲೆ ಆ ಮುಖ ಎತ್ತ ನೋಡುತ್ತಿದೆಯೋ ಅತ್ತ ಹೋಗುತ್ತದೆ. ನಾಲ್ವರು ಕಿಟಕಿಯತ್ತ ನೋಡುತ್ತಿದ್ದರೆ ನೋಡುಗನೂ ಕಿಟಕಿಯತ್ತ ಹೋಗುತ್ತಾನೆ. ಐದನೆಯವಳು ಮಾತ್ರ ಲೆನ್ಸ್ ನೋಡುತ್ತಿದ್ದರೆ ಅವಳ ಬಳಿ ವಾಪಸ್ ಬಂದು ನಿಲ್ಲುತ್ತಾನೆ.

ಹಂತ ಹಂತವಾಗಿ

1. ಒಂದೇ ವಾಕ್ಯ ಬರೆದುಕೊಳ್ಳಿ. "ಮೂವರು ಅಕ್ಕತಂಗಿಯರು, ನಡುವಿನವಳು ನಾಳೆ ಊರು ಬಿಡುತ್ತಾಳೆ." "ಐವರು ಗೆಳೆಯರು, ಒಬ್ಬ ಸುಳ್ಳು ಹೇಳಿದ್ದಾನೆ." ಮಾಡೆಲ್‌ಗಳಿಗೆ ಇಷ್ಟು ಹೇಳಿದರೆ ಸಾಕು, ಭುಜ ಎಷ್ಟು ತಿರುಗಬೇಕು ಎಂದು ನೀವು ಹೇಳುವ ಮೊದಲೇ ಅರ್ಧ ತಿರುಗಿರುತ್ತದೆ. "ಸುಂದರವಾಗಿ ನಿಲ್ಲಿ" ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

2. ಗೊಂಬೆ ಇಟ್ಟು ಅಭ್ಯಾಸ ಮಾಡಿ. ಇದನ್ನು ತಮಾಷೆ ಎಂದುಕೊಳ್ಳಬೇಡಿ. ಚನ್ನಪಟ್ಟಣದ ಅಂಗಡಿಗಳಲ್ಲಿ ಸಿಗುವ ಆಲೆ ಮರದ ಗೊಂಬೆಗಳನ್ನು, ಬೇರೆ ಬೇರೆ ಎತ್ತರದವು ಐದಾರು, ಕೊಂಡು ತನ್ನಿ. (ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ, ಅಂಗಡಿ ಸಾಲು ಬೇಕಾದರೆ ಹಳೆಯ ಮೈಸೂರು ರಸ್ತೆಗೆ ಇಳಿಯಬೇಕು.) ಲೇತಿನಲ್ಲಿ ಕಡೆದು ಅರಗು ಹಚ್ಚಿದ ಈ ಗೊಂಬೆಗಳಲ್ಲಿ ಹಲವಕ್ಕೆ ಬೇರೆಯಾಗಿ ಕೈಕಾಲು ಇರುವುದಿಲ್ಲ, ಗುಂಡು ತಲೆ, ಗುಂಡು ಮೈ, ಬರೆದ ಕಣ್ಣು ಅಷ್ಟೇ. ಅದೇ ಲಾಭ. ಕೈ ಇಲ್ಲದ್ದರಿಂದ ನಿಮ್ಮ ಗಮನ ಅಂತರ, ಎತ್ತರ, ಮುಖದ ದಿಕ್ಕು ಈ ಮೂರರ ಮೇಲೇ ಇರುತ್ತದೆ.

ಮೇಜಿನ ಮೇಲೆ ಗೊಂಬೆಗಳನ್ನು ಇಟ್ಟು, ಮೊಬೈಲನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ತಂದು ಚಿತ್ರ ತೆಗೆಯಿರಿ. ಮೇಲಿನಿಂದ ಬಗ್ಗಿ ನೋಡಿದರೆ ಎಲ್ಲವೂ ಬಿಡಿಬಿಡಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಇಳಿದಾಗ ಹಿಂದಿನದು ಮುಂದಿನದರ ಮರೆಗೆ ಹೋಗುವುದು ತಿಳಿಯುತ್ತದೆ. ಆಮೇಲೆ ಕೋಣೆಯ ದೀಪ ಆರಿಸಿ ಟಾರ್ಚ್ ಹಿಡಿಯಿರಿ. ಅದೇ ನಿಮ್ಮ ಸೂರ್ಯ. ಎಡದ ಗೊಂಬೆಯ ನೆರಳು ಪಕ್ಕದ ಗೊಂಬೆಯ ಮುಖಕ್ಕೆ ಬೀಳುತ್ತಿದೆಯೆ? ಬಂಡೆಯ ಮೇಲೆ ಬೆಳಿಗ್ಗೆ ಏಳಕ್ಕೆ ಆಗುವುದೂ ಅದೇ. ಒಂದು ಸಂಜೆ ಹೀಗೆ ಕಳೆದರೆ ಶೂಟಿಂಗ್ ದಿನ ಮಾಡೆಲ್‌ಗಳನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಯೋಚಿಸುವುದು ತಪ್ಪುತ್ತದೆ. ಮೆಚ್ಚಿದ ಎರಡು ಮೂರು ಜೋಡಣೆಗಳ ಫೋಟೊ ಮೊಬೈಲಿನಲ್ಲಿ ಇರಲಿ. ಮಾಡೆಲ್‌ಗಳಿಗೆ ತೋರಿಸಿದರೆ "ನಾನು ಆ ಕೆಂಪು ಗೊಂಬೆ" ಎಂದು ತಾವೇ ಹೋಗಿ ನಿಲ್ಲುತ್ತಾರೆ.

3. ಬೆಳಕು ನೋಡಿ ಜಾಗ ಆರಿಸಿ, ಜಾಗ ನೋಡಿ ಬೆಳಕನ್ನಲ್ಲ. ಗುಂಪಿಗೆ ಅಗಲವಾದ, ಮೆತ್ತನೆಯ ಬೆಳಕು ಬೇಕು. ಇಲ್ಲದಿದ್ದರೆ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುತ್ತದೆ. ದೊಡ್ಡ ಬಂಡೆಯ ನೆರಳಿನ ಕಡೆ, ಎದುರಿಗೆ ಬಯಲು ಇದ್ದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಹಳೆಯ ಮನೆಯ ಜಗುಲಿಯೂ ಅಷ್ಟೇ ಒಳ್ಳೆಯದು. ಮಾವಿನ ತೋಪು ಮಾತ್ರ ಮೋಸ ಮಾಡುತ್ತದೆ: ನೆರಳು ತಂಪು, ಆದರೆ ಎಲೆಯಿಂದ ಸೋಸಿ ಬಂದ ಬೆಳಕು ಮುಖಕ್ಕೆ ಹಸಿರು ಬಳಿಯುತ್ತದೆ, ನಡುನಡುವೆ ಬಿಸಿಲಿನ ಚುಕ್ಕೆ ಬೇರೆ. ತೋಪಿನಲ್ಲೇ ತೆಗೆಯಬೇಕೆಂದರೆ ಅಂಚಿಗೆ ಬನ್ನಿ, ಮುಖಗಳು ಬಯಲಿನ ಕಡೆ ಇರಲಿ, ಇಬ್ಬರು ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಹಿಡಿದು ಮುಖಕ್ಕೆ ಬೆಳಕು ತಿರುಗಿಸಲಿ. ಗುಂಪಿನಲ್ಲಿ ಮೈಬಣ್ಣ ಬೇರೆ ಬೇರೆ ಇದ್ದರೆ ಕಪ್ಪು ಮೈಬಣ್ಣದವರನ್ನು ಬೆಳಕಿನ ಹತ್ತಿರಕ್ಕೆ, ಬೆಳ್ಳಗಿರುವವರನ್ನು ಸ್ವಲ್ಪ ಆಚೆಗೆ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು ಮುಖವನ್ನು ಬೂದಿ ಬಣ್ಣಕ್ಕೆ ಏರಿಸುವ ಪಾಪ ತಪ್ಪುತ್ತದೆ.

4. ಒಬ್ಬರಿಂದ ಶುರು ಮಾಡಿ, ಒಬ್ಬೊಬ್ಬರನ್ನೇ ಸೇರಿಸಿ. ಐವರನ್ನೂ ಒಟ್ಟಿಗೆ ಕರೆದರೆ ಸಾಲು ಆಗಿಯೇ ಆಗುತ್ತದೆ. ಅದು ಮನುಷ್ಯರ ಅಭ್ಯಾಸ. ಮೊದಲು ಮುಖ್ಯ ವ್ಯಕ್ತಿಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ಅದು ಒಂಟಿ ಚಿತ್ರವಾಗಿಯೂ ಚೆನ್ನಾಗಿರಬೇಕು. ಎರಡನೆಯವರನ್ನು ಕರೆದು ಮತ್ತೆ ಒಂದು. ಹೀಗೆ ಪ್ರತಿ ಹಂತದಲ್ಲೂ ಚಿತ್ರ ತೆಗೆಯುತ್ತಾ ಹೋದರೆ ಎಲ್ಲಿ ಕೆಟ್ಟಿತು ಎಂದು ಗೊತ್ತಾಗುತ್ತದೆ. ಕೆಲವೊಮ್ಮೆ ನಾಲ್ಕಕ್ಕೇ ಚಿತ್ರ ಮುಗಿದಿರುತ್ತದೆ. ಐದನೆಯವರಿಗೆ ಬೇಸರವಾಗದಂತೆ ಬೇರೆ ಜೋಡಣೆ ಮಾಡಿ, ಇದರೊಳಗೆ ತುರುಕಬೇಡಿ.

5. ತಲೆಗಳನ್ನು ನೋಡಿ. ಎರಡು ತಲೆಗಳು ಒಂದೇ ಎತ್ತರದಲ್ಲಿ ಅಕ್ಕಪಕ್ಕ ಬರದಿರಲಿ. ಒಬ್ಬರು ನಿಲ್ಲಲಿ, ಒಬ್ಬರು ಬಂಡೆಗೆ ಒರಗಲಿ, ಒಬ್ಬರು ಮೆಟ್ಟಿಲ ಮೇಲೆ ಕೂರಲಿ, ಒಬ್ಬರು ಕುಕ್ಕರಗಾಲಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಜಗುಲಿ ಮೇಲೆ ಹರಟೆಗೆ ಕೂತವರು ಯಾರೂ ಹೇಳದೆಯೇ ಹೀಗೆ ಕೂತಿರುತ್ತಾರೆ, ಗಮನಿಸಿ. ಒಬ್ಬರ ಗಲ್ಲದ ಮಟ್ಟಕ್ಕೆ ಪಕ್ಕದವರ ಹಣೆ ಬಂದರೆ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ ಜಾರುತ್ತದೆ.

6. ಅಂತರ ಸಮನಾಗಿರಬಾರದು. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸಮ ಅಂತರದಲ್ಲಿ ನಿಂತ ಮೂವರ ನಡುವೆ ಏನೂ ನಡೆಯುವುದಿಲ್ಲ. ಇಬ್ಬರು ಭುಜ ತಾಗುವಷ್ಟು ಹತ್ತಿರ, ಮೂರನೆಯವರು ಎರಡು ಹೆಜ್ಜೆ ದೂರ. ಅಷ್ಟಕ್ಕೇ ನೋಡುಗ ಕೇಳುತ್ತಾನೆ, ಯಾಕೆ? ನಾಲ್ವರಿದ್ದರೆ ಎರಡು ಎರಡಾಗಿ ಒಡೆಯದೆ ಮೂರು ಮತ್ತು ಒಂದು ಮಾಡಿ. ಐವರಿದ್ದರೆ ಮೂರು ಮತ್ತು ಎರಡು, ಆದರೆ ಎರಡೂ ಗುಂಪನ್ನು ಕಟ್ಟುವ ಒಂದು ನೋಟವೋ ಚಾಚಿದ ಕೈಯೋ ಇರಲಿ. ಏಳು ಎಂಟು ಮಂದಿಯಾದರೆ ಚಿಕ್ಕ ಗುಂಪುಗಳಾಗಿಯೇ ಯೋಚಿಸಿ. ಇಬ್ಬರು ಒಬ್ಬರನ್ನೊಬ್ಬರು ಅರೆಬರೆ ಮರೆಮಾಡಿದರೆ ಹೆದರಬೇಡಿ. ಅದೇ ಅವರನ್ನು ಗುಂಪು ಮಾಡುವುದು. ಮುಖದ ಅರ್ಧಕ್ಕೆ ಇನ್ನೊಬ್ಬರ ಕಿವಿ ಬಂದರೆ ಮಾತ್ರ ಸರಿಸಿ.

7. ಪ್ರತಿಯೊಬ್ಬರ ಕಣ್ಣಿಗೂ ಒಂದು ವಿಳಾಸ ಕೊಡಿ. "ದೂರ ನೋಡಿ" ಎಂದರೆ ಕಣ್ಣು ಖಾಲಿಯಾಗುತ್ತದೆ. "ಆ ತೆಂಗಿನ ಮರದ ಬುಡ ನೋಡಿ", "ಅಕ್ಕನ ಬಳೆ ನೋಡಿ", "ನೆಲದ ಮೇಲಿನ ಆ ಬಿರುಕು ನೋಡಿ" ಎನ್ನಿ.

8. ಕೈಗೆ ಕೆಲಸ ಕೊಡಿ. ಕೆಲಸವಿಲ್ಲದ ಹತ್ತು ಕೈಗಳು ಚಿತ್ರವನ್ನು ಹಾಳು ಮಾಡುತ್ತವೆ. ಹೂ ಕಟ್ಟುವುದು, ಜಡೆ ಹೆಣೆಯುವುದು, ಗೋಡೆಗೆ ಕೈ ಊರುವುದು, ಇನ್ನೊಬ್ಬರ ಹೆಗಲ ಮೇಲೆ ಕೈ ಇಡುವುದು. ಎಲ್ಲ ಕೈಗಳೂ ಕಾಣಲೇಬೇಕೆಂದಿಲ್ಲ. ಐವರ ಚಿತ್ರದಲ್ಲಿ ಮೂರು ನಾಲ್ಕು ಕೈ ಕಂಡರೆ ಸಾಕು. ಕಂಡ ಕೈ ಮಣಿಕಟ್ಟಿನಲ್ಲಿ ತುಂಡಾದಂತೆ ಕಾಣದಿರಲಿ.

ಕ್ಯಾಮೆರಾದ ಲೆಕ್ಕ

ಗುಂಪಿಗೆ ಆಳ ಕೊಟ್ಟ ಮೇಲೆ, ಅಂದರೆ ಒಬ್ಬರು ಮುಂದೆ ಒಬ್ಬರು ಹಿಂದೆ ನಿಂತ ಮೇಲೆ, ಫೋಕಸ್ ಕೈಕೊಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ಮುಖ್ಯ ವ್ಯಕ್ತಿ 4 ಮೀಟರ್ ದೂರ ಎಂದುಕೊಳ್ಳಿ. ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 70 ಸೆಂಟಿಮೀಟರ್ ಮಾತ್ರ. ಎಫ್/2.8ರಲ್ಲಿ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ಎಫ್/8ಕ್ಕೆ ಬಂದರೆ ಸುಮಾರು 2.9 ಮೀಟರಿನಿಂದ 6.5 ಮೀಟರ್ ತನಕ. ಹಿಂದೆ ಸಿಗುವ ಆಳ ಮುಂದೆ ಸಿಗುವುದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಿ. ಅದಕ್ಕೇ ಮೂರು ಸಾಲಾಗಿ ನಿಂತ ಗುಂಪಿನಲ್ಲಿ ಕೊನೆಯವರಿಗೆ ಫೋಕಸ್ ಮಾಡಬಾರದು. ಹಿನ್ನೆಲೆ ಮಸುಕಾಗಲಿ ಎಂಬ ಆಸೆಗೆ ಎಫ್/1.8 ಇಟ್ಟು ಇಬ್ಬರ ಕಣ್ಣನ್ನು ಬಲಿ ಕೊಡುವುದು ಈಚೆಗೆ ಬಹಳ ಸಾಮಾನ್ಯ. ಹಿನ್ನೆಲೆ ಮಸುಕಾಗಬೇಕಾದರೆ ಗುಂಪನ್ನೇ ಹಿನ್ನೆಲೆಯಿಂದ ಮುಂದಕ್ಕೆ ತನ್ನಿ.

ಅದೇ ಲೆನ್ಸಿನಲ್ಲಿ 5 ಮೀಟರ್ ದೂರದಿಂದ 3.6 ಮೀಟರ್ ಅಗಲ ಸಿಗುತ್ತದೆ, ಐದಾರು ಮಂದಿಗೆ ಸಾಕು. ಜಾಗ ಇಲ್ಲವೆಂದು 24 ಎಂಎಂಗೆ ಹೋದರೆ ಅಂಚಿನಲ್ಲಿರುವವರ ಮುಖ ಎಳೆದಂತಾಗುತ್ತದೆ. ಮೊಬೈಲಿನ ಸಾಮಾನ್ಯ ಲೆನ್ಸ್ ಹೆಚ್ಚು ಕಡಿಮೆ ಅದೇ ಅಗಲದ್ದು. ಆದ್ದರಿಂದ ಮೊಬೈಲಿನಲ್ಲಿ ತೆಗೆಯುವವರು ಎರಡು ಪಟ್ಟು ಜೂಮ್ ಹಾಕಿ ಹಿಂದಕ್ಕೆ ಹೋಗಿ. ಶಟರ್ ವೇಗ 1/200ಕ್ಕಿಂತ ಕಡಿಮೆ ಬೇಡ. ಗುಂಪಿನಲ್ಲಿ ಯಾರಾದರೂ ಒಬ್ಬರು ಅಲುಗಾಡುತ್ತಲೇ ಇರುತ್ತಾರೆ.

ಕಣ್ಣು ಮಿಟುಕಿಸುವವರಿಗೂ ಒಂದು ಲೆಕ್ಕ ಇದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದನ್ನು ಗುಣಿಸಿ ಭಾಗಿಸಿ 2006ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಮಂದಿಯಾದರೆ, ಬೆಳಕು ಚೆನ್ನಾಗಿದ್ದಾಗ ತಲೆ ಎಣಿಕೆಯನ್ನು ಮೂರರಿಂದ, ಬೆಳಕು ಕಡಿಮೆ ಇದ್ದಾಗ ಎರಡರಿಂದ ಭಾಗಿಸಿ. ಅಷ್ಟು ಚಿತ್ರ ತೆಗೆದರೆ ಎಲ್ಲರ ಕಣ್ಣೂ ತೆರೆದ ಒಂದಾದರೂ ಸಿಗುವುದು ಬಹುತೇಕ ಖಚಿತ. ಆರು ಮಂದಿಗೆ ಎರಡು, ಇಲ್ಲವೇ ಮೂರು. ಇದು ಬರೀ ಕಣ್ಣಿನ ಲೆಕ್ಕ. ಭಾವ ಕೂಡಿಬರಲು ಅದರ ಹಲವು ಪಟ್ಟು ತೆಗೆಯಬೇಕಾಗುತ್ತದೆ.

ಜನಪದ ಕಲಾವಿದರ ಗುಂಪಾದರೆ

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದರಿಂದಲೂ, ಸುತ್ತಲ ಊರುಗಳಲ್ಲಿ ಪೂಜಾ ಕುಣಿತ, ಪಟದ ಕುಣಿತ, ತಮಟೆಯ ತಂಡಗಳು ಇರುವುದರಿಂದಲೂ ಇಲ್ಲಿಗೆ ಬರುವ ಬಹಳ ಛಾಯಾಗ್ರಾಹಕರಿಗೆ ಮಾಡೆಲ್ ಎಂದರೆ ಈ ಕಲಾವಿದರೇ. ಅವರನ್ನು ನಿಲ್ಲಿಸುವ ಕ್ರಮವೇ ಬೇರೆ.

ಅವರ ಮೈಯಲ್ಲಿ ಆಗಲೇ ಭಂಗಿಗಳಿವೆ. ನೀವು ಹೊಸದು ಹೇಳಿಕೊಡಲು ಹೋದರೆ ಅವರು ಸಂಕೋಚದಿಂದ ನಕ್ಕು ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ. ಮೊದಲು ಹತ್ತು ನಿಮಿಷ ಕುಣಿಯಲು ಬಿಟ್ಟು ನೋಡಿ. "ಅಣ್ಣಾ, ಈಗ ತಿರುಗಿದಿರಲ್ಲ, ಆ ಹೆಜ್ಜೆ ನಿಧಾನಕ್ಕೆ ಇನ್ನೊಂದು ಸಲ" ಎನ್ನಿ. ತಮಟೆ ನಿಲ್ಲಿಸಬೇಡಿ, ಬಡಿತ ನಿಂತರೆ ಐವರ ಹೆಜ್ಜೆಯೂ ಬೇರೆ ಬೇರೆಯಾಗುತ್ತದೆ, ಬಡಿತ ಇದ್ದರೆ ಗುಂಪು ತಾನೇ ಒಂದಾಗುತ್ತದೆ. ಪೂಜಾ ಕುಣಿತದ ಚೌಕಟ್ಟನ್ನು, ಅಂದರೆ ಪೂಜೆಯನ್ನು, ತಲೆಯ ಮೇಲೆ ಹೊತ್ತವರಿಗೆ ಅದು ದೇವರು, ನಿಮ್ಮ ಅಲಂಕಾರದ ಸಾಮಾನಲ್ಲ. ನೆಲಕ್ಕೆ ಇಳಿಸಿ, ಓರೆ ಮಾಡಿ, ಅದಕ್ಕೆ ಒರಗಿ ನಿಲ್ಲಿ ಎಂದೆಲ್ಲ ಕೇಳುವ ಮುಂಚೆ ತಂಡದ ಹಿರಿಯರನ್ನು ವಿಚಾರಿಸಿ. ಬೇಡ ಎಂದರೆ ಬೇಡ.

ರೇಷ್ಮೆ ಸೀಮೆಯ ಹಳ್ಳಿಗಳಲ್ಲಿ ಮನೆ ಮುಂದೆ ಒರಗಿಸಿಟ್ಟ ಚಂದ್ರಿಕೆಗಳು (ರೇಷ್ಮೆಹುಳು ಗೂಡು ಕಟ್ಟುವ ತಟ್ಟೆಗಳು) ಇಂಥ ಗುಂಪಿಗೆ ಸೊಗಸಾದ ಹಿನ್ನೆಲೆ. ಆದರೆ ಹುಳು ಗೂಡು ಕಟ್ಟುತ್ತಿರುವ ಚಂದ್ರಿಕೆಯನ್ನು ಮುಟ್ಟಬೇಡಿ, ಸೆಂಟು ಹಾಕಿಕೊಂಡು ಹುಳು ಸಾಕುವ ಮನೆಯೊಳಗೆ ನುಗ್ಗಬೇಡಿ. ಅದು ಒಂದು ಮನೆಯ ತಿಂಗಳ ದುಡಿಮೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

• "ಎಡಕ್ಕೆ ಬನ್ನಿ." ಯಾರ ಎಡ? ಐವರಲ್ಲಿ ಇಬ್ಬರು ನಿಮ್ಮ ಎಡಕ್ಕೆ, ಮೂವರು ತಮ್ಮ ಎಡಕ್ಕೆ ಹೋಗುತ್ತಾರೆ. "ಬಂಡೆ ಕಡೆ ಅರ್ಧ ಹೆಜ್ಜೆ", "ರಸ್ತೆ ಕಡೆ ಮುಖ" ಎಂದು ಹೇಳಿ. ಒಬ್ಬರಿಗೆ ಹೇಳುವುದನ್ನು ಹೆಸರು ಹಿಡಿದು ಹೇಳಿ. ಇಲ್ಲದಿದ್ದರೆ ಎಲ್ಲರೂ ಅಲುಗುತ್ತಾರೆ.

• ಕೈಯಿಂದ ಮುಟ್ಟಿ ತಿದ್ದುವುದು. ಬೇಡ. ನೀವೇ ಆ ಭಂಗಿಯಲ್ಲಿ ನಿಂತು ತೋರಿಸಿ. ಸೆರಗೋ ಕೂದಲೋ ಸರಿಮಾಡಲೇಬೇಕಾದರೆ ಕೇಳಿ, ಇಲ್ಲವೇ ಪಕ್ಕದ ಮಾಡೆಲ್‌ಗೆ ಹೇಳಿ.

• ಐದು ಉಡುಪು, ಐದು ಬಣ್ಣ. ಚಿಕ್ಕ ಗೊಂಬೆಗೆ ಅರಗಿನ ಕೆಂಪು, ಹಳದಿ, ಹಸಿರು ಒಟ್ಟಿಗೆ ಒಪ್ಪುತ್ತದೆ. ಚಿತ್ರದ ಚೌಕಟ್ಟಿನಲ್ಲಿ ಐದು ಸೀರೆಗಳು ಕಿರುಚಾಡುತ್ತವೆ. ಹತ್ತಿರದ ಎರಡು ಬಣ್ಣ, ಮುಖ್ಯ ವ್ಯಕ್ತಿಗೆ ಮಾತ್ರ ಬೇರೆ ಒಂದು.

• ಒಂದೇ ಭಂಗಿಯಲ್ಲಿ ತುಂಬ ಹೊತ್ತು ನಿಲ್ಲಿಸುವುದು. ಕುಕ್ಕರಗಾಲಿನಲ್ಲಿ ಕೂತವರ ಕಾಲು ಜೋಮು ಹಿಡಿಯುವುದು ಮೊದಲು ಮುಖದಲ್ಲಿ ಕಾಣುತ್ತದೆ. ಕಷ್ಟದ ಭಂಗಿಯವರನ್ನು ಕೊನೆಗೆ ಕೂರಿಸಿ, ಮೊದಲು ಎಬ್ಬಿಸಿ.

• ಹತ್ತು ಛಾಯಾಗ್ರಾಹಕರು ಒಟ್ಟಿಗೆ ಕೂಗುವುದು. ಹಲವರು ಕೂಡಿ ಹೋದಾಗ ಸೂಚನೆ ಕೊಡುವವರು ಒಬ್ಬರೇ ಇರಲಿ, ಸರದಿ ಬದಲಾಗಲಿ. ಹತ್ತೂ ಮಂದಿ ಒಂದೇ ಕಡೆ ನಿಂತು ಒಂದೇ ಚಿತ್ರ ತೆಗೆಯುವ ರೋಗಕ್ಕೆ ಮದ್ದು ನಿಮ್ಮ ಕಾಲಿನಲ್ಲೇ ಇದೆ, ನಡೆಯಿರಿ.

• ಬಿಂದಿಗೆ ಹೊತ್ತ ಹೆಂಗಸರ ಸಾಲು, ಧೂಳಿನಲ್ಲಿ ಸಂಜೆ ಬಿಸಿಲು, ಹೊಗೆ. ಈ ಚಿತ್ರ ಸಾವಿರ ಸಲ ಆಗಿದೆ. ನಲ್ಲಿ ಬಂದು ಎಷ್ಟೋ ಕಾಲವಾದ ಊರಿನ ಹೆಣ್ಣುಮಕ್ಕಳಿಗೆ ಬಿಂದಿಗೆ ಕೊಟ್ಟು ನಡೆಸುವುದಕ್ಕಿಂತ, ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ಅವರು ಈಗ ನಿಲ್ಲುವ ಹಾಗೆಯೇ ನಿಲ್ಲಿಸಿ ನೋಡಿ.

ಎಚ್ಚರಿಕೆ

ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಗದ್ದಲವೇ ಶತ್ರು. ಡ್ರೋನ್, ಬಣ್ಣದ ಹೊಗೆ, ಸ್ಪೀಕರ್ ಯಾವುದನ್ನೂ ಅಲ್ಲಿಗೆ ಒಯ್ಯಬೇಡಿ. ಅಲ್ಲಾಗಲಿ ಸಾವನದುರ್ಗದಲ್ಲಾಗಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ದೇವಸ್ಥಾನ, ಜಾನಪದ ಲೋಕ, ಖಾಸಗಿ ತೋಟಗಳಿಗೂ ಇದೇ ಮಾತು.

ಬಂಡೆಗಳು ಬೇಸಿಗೆಯಲ್ಲಿ ಹತ್ತು ಗಂಟೆಯ ಹೊತ್ತಿಗೇ ಬರಿಗಾಲಿಗೆ ಸುಡುತ್ತವೆ, ಮಳೆಯಲ್ಲಿ ಜಾರುತ್ತವೆ. ಇಬ್ಬರು ನಿಲ್ಲಬಹುದಾದ ಅಂಚಿನಲ್ಲಿ ಐವರನ್ನು ನಿಲ್ಲಿಸಿದರೆ "ಸ್ವಲ್ಪ ಹಿಂದಕ್ಕೆ" ಎಂಬ ಒಂದು ಮಾತು ಸಾಕು ಅನಾಹುತಕ್ಕೆ. ಅಂಚಿನ ಹತ್ತಿರ ಯಾರಿಗೂ ಹಿಂದಕ್ಕೆ ಎಂದು ಹೇಳಲೇಬೇಡಿ. ನೀವೇ ಮುಂದಕ್ಕೆ ಬನ್ನಿ. ಕನಕಪುರದ ಸಂಗಮ, ಮೇಕೆದಾಟು ಎಷ್ಟೋ ಜೀವ ತೆಗೆದ ಜಾಗಗಳು. ಅಲ್ಲಿ ಹೊಳೆಯ ಅಂಚಿನ ಕಲ್ಲುಗಳ ಮೇಲೆ ಗುಂಪು ನಿಲ್ಲಿಸುವ ಯೋಚನೆಯನ್ನೇ ಬಿಡಿ.

ಮಾಡೆಲ್‌ಗಳಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಜಾಗ, ನೀರು, ತಿಂಡಿ, ಶೌಚಾಲಯ, ಇವು ಗೊತ್ತಾಗದೆ ಹೊರಡಬೇಡಿ. ಯಾವ ಬಗೆಯ ಚಿತ್ರ, ಎಲ್ಲಿ ಪ್ರಕಟವಾಗುತ್ತದೆ, ಎಷ್ಟು ಹಣ ಎಂಬುದನ್ನು ಕಾಗದದಲ್ಲಿ ಬರೆದು ಪ್ರತಿಯೊಬ್ಬರಿಂದ ಬೇರೆ ಬೇರೆಯಾಗಿ ಸಹಿ ಪಡೆಯಿರಿ. ಗುಂಪಿನ ಪರವಾಗಿ ಒಬ್ಬರು ಹಾಕಿದ ಸಹಿ ಸಾಲದು. ಹದಿನೆಂಟು ತುಂಬದವರಿದ್ದರೆ ತಂದೆ ತಾಯಿಯ ಸಹಿ ಬೇಕು, ಅವರಲ್ಲಿ ಒಬ್ಬರು ಅಲ್ಲೇ ಇರಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಚಿತ್ರ ತೆಗೆಸಿದವರೇ ಅದರ ಮೊದಲ ಒಡೆಯರು. ನೀವಾಗಿ ತೆಗೆದದ್ದಾದರೆ ಹಕ್ಕು ನಿಮ್ಮದು. ಈ ಮಾತೂ ಕಾಗದದಲ್ಲಿ ಇದ್ದರೆ ಆಮೇಲೆ ಜಗಳ ಇರುವುದಿಲ್ಲ.

ಸ್ಪರ್ಧೆಗೆ ಕಳಿಸುವವರಿಗೆ ಒಂದು ಮಾತು. ಮಾಡೆಲ್‌ಗಳನ್ನು ನಿಲ್ಲಿಸಿ ತೆಗೆದ ಚಿತ್ರ ಮುಕ್ತ ವಿಭಾಗಕ್ಕೆ, ಪಿಕ್ಟೋರಿಯಲ್ ವಿಭಾಗಕ್ಕೆ ಸಲ್ಲುತ್ತದೆ. ಫೋಟೊ ಜರ್ನಲಿಸಂ, ಫೋಟೊ ಟ್ರಾವೆಲ್ ವಿಭಾಗಗಳ ಅಂತರರಾಷ್ಟ್ರೀಯ ನಿಯಮಗಳು ಚಿತ್ರಕ್ಕಾಗಿಯೇ ಏರ್ಪಡಿಸಿದ ದೃಶ್ಯವನ್ನು ಒಪ್ಪುವುದಿಲ್ಲ. ಹಳ್ಳಿಯ ಬದುಕು ಎಂದು ಶೀರ್ಷಿಕೆ ಕೊಟ್ಟು ಅಲ್ಲಿಗೆ ಕಳಿಸಬೇಡಿ. ಬಹುಮಾನ ಬಂದರೂ ಬಾರದಿದ್ದರೂ, ಚಿತ್ರದಲ್ಲಿದ್ದ ಐವರಿಗೂ ಮಾತಾಡಿದ ಹಣವನ್ನು ಅದೇ ದಿನ ಕೊಟ್ಟು, ವಾರದೊಳಗೆ ಒಂದೊಂದು ಪ್ರಿಂಟ್ ಮುಟ್ಟಿಸಿ.